ಎಸ್.ಎಂ. ಕೃಷ್ಣ: ರಾಜಭವನದಿಂದ ವಿದೇಶಾಂಗ ಖಾತೆಗೆ ಬಂದದ್ದು ಹೇಗೆ?

ನಿನ್ನೆ ಪುಣೆಯ ಸದಾಶಿವ ಪೇಟೆಯ ಅಭ್ಯಾಸಿಕೆಯಲ್ಲಿ (ಓದುವ ಕೋಣೆಯಲ್ಲಿ) ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡೆ. ಬಿಡಿಸಿಕೊಳ್ಳಲು ಎರಡು ಗಂಟೆ ಹಿಡಿಯಿತು. ಪುಣೆಯಲ್ಲಿ ಯುಪಿಎಸ್‌ಸಿಗೆ ಓದುತ್ತಿರುವ ನಮ್ಮ ಕನ್ನಡದವರಿಗೂ ಆಗಲಿ ಅಂತ ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಇಸವಿಗಳು ಇಷ್ಟು. ಕೃಷ್ಣ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು. 1962ರಲ್ಲಿ ಪಕ್ಷೇತರರಾಗಿ ಶಾಸಕರಾದರು. 1999ರಿಂದ 2004ರವರೆಗೆ ಮುಖ್ಯಮಂತ್ರಿ. 2004ರ ಡಿಸೆಂಬರ್‌ನಿಂದ 2008ರ ಮಾರ್ಚ್‌ವರೆಗೆ ಮಹಾರಾಷ್ಟ್ರದ ರಾಜ್ಯಪಾಲರು, ವಾಸ ಮುಂಬೈನ ಮಲಬಾರ್ ಹಿಲ್ ರಾಜಭವನ. 2009ರ ಮೇನಿಂದ 2012ರ ಅಕ್ಟೋಬರ್‌ವರೆಗೆ ವಿದೇಶಾಂಗ ಸಚಿವರು. 2023ರಲ್ಲಿ ರಾಜಕೀಯದಿಂದ ನಿವೃತ್ತಿ, ಅದೇ ವರ್ಷ ಪದ್ಮವಿಭೂಷಣ. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ನಾನು ಎಡವಿದ್ದು ರಾಜ್ಯಪಾಲ ಅನ್ನುವ ಮೆಟ್ಟಿಲಲ್ಲಿ. ರಾಜ್ಯಪಾಲರಾಗಿದ್ದವರು ಮತ್ತೆ ಮಂತ್ರಿ ಆಗುವ ಹಾಗಿಲ್ಲ ಅಂತ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಎಲ್ಲಿಂದ ಬಂತು ಅಂತ ಹುಡುಕಿದರೆ, ಅದು ಸಿಎಜಿ, ಅಂದರೆ ಸರ್ಕಾರದ ಲೆಕ್ಕಪತ್ರ ತಪಾಸಣೆ ಮಾಡುವ ಮಹಾಲೇಖಪಾಲರ ನಿಯಮ! ಸಂವಿಧಾನದ 148ನೇ ವಿಧಿ ಪ್ರಕಾರ ಸಿಎಜಿ ಹುದ್ದೆ ಬಿಟ್ಟ ಮೇಲೆ ಕೇಂದ್ರ, ರಾಜ್ಯ ಯಾವ ಸರ್ಕಾರದಲ್ಲೂ ಬೇರೆ ಹುದ್ದೆ ಹಿಡಿಯುವಂತಿಲ್ಲ. 319ನೇ ವಿಧಿ ಯುಪಿಎಸ್‌ಸಿ ಅಧ್ಯಕ್ಷರಿಗೂ ಹೀಗೇ ಬಾಗಿಲು ಮುಚ್ಚುತ್ತದೆ. ಸಂವಿಧಾನದ ಹುದ್ದೆ ಅಂದರೆ ಎಲ್ಲಕ್ಕೂ ಒಂದೇ ನಿಯಮ ಅಂತ ಬೆರೆಸಿಬಿಟ್ಟಿದ್ದೆ.

ರಾಜ್ಯಪಾಲರಿಗೆ 158ನೇ ವಿಧಿ ನೋಡಿ. ಆ ಹುದ್ದೆಯಲ್ಲಿ ಇರುವಷ್ಟು ದಿನ ಸಂಸತ್ತಿನಲ್ಲಾಗಲಿ ಶಾಸನಸಭೆಯಲ್ಲಾಗಲಿ ಸದಸ್ಯರಾಗಿ ಇರುವಂತಿಲ್ಲ, ಬೇರೆ ಲಾಭದಾಯಕ ಹುದ್ದೆ ಹಿಡಿಯುವಂತೆಯೂ ಇಲ್ಲ. ಅಷ್ಟೇ. ಹುದ್ದೆ ಬಿಟ್ಟ ಮಾರನೇ ದಿನವೇ ಚುನಾವಣೆಗೆ ನಿಲ್ಲಬಹುದು. ಕೃಷ್ಣ ಮಾಡಿದ್ದೂ ಅದನ್ನೇ: 2008ರ ಮಾರ್ಚ್‌ನಲ್ಲಿ ಹುದ್ದೆ ಬಿಟ್ಟರು, ಜೂನ್‌ನಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಹೋದರು, ಮರುವರ್ಷ ಸಚಿವರಾದರು. ಮಂತ್ರಿಯಾಗಿ ಆರು ತಿಂಗಳಲ್ಲಿ ಸಂಸತ್ತಿಗೆ ಬರಬೇಕು ಅನ್ನುವ 75ನೇ ವಿಧಿಯ ಚಿಂತೆಯೂ ಅವರಿಗೆ ಇರಲಿಲ್ಲ, ಆಗಲೇ ಸದಸ್ಯರು ಅಲ್ವಾ.

ಇದು ತಲೆಯಲ್ಲಿ ಉಳಿಯಲು ಒಂದು ಜೋಡಿ ಹಿಡಿದುಕೊಂಡಿದ್ದೇನೆ. 2004ರ ಕೊನೆಯಲ್ಲಿ ನಮ್ಮ ಮಾಜಿ ಮುಖ್ಯಮಂತ್ರಿ ಮುಂಬೈ ರಾಜಭವನಕ್ಕೆ ಬಂದರು. ಅದೇ ಹೊತ್ತಿಗೆ ಮಹಾರಾಷ್ಟ್ರದ ಮಾಜಿ ಮುಖ್ಯಮಂತ್ರಿ, ಸೊಲ್ಲಾಪುರದ ಸುಶೀಲ್‌ಕುಮಾರ್ ಶಿಂದೆ, ಆಂಧ್ರದ ರಾಜ್ಯಪಾಲರಾಗಿ ಹೈದರಾಬಾದಿಗೆ ಹೋದರು. 2006ರಲ್ಲಿ ಅವರೂ ಕೇಂದ್ರ ಸಚಿವರಾದರು. ಮುಖ್ಯಮಂತ್ರಿ, ರಾಜ್ಯಪಾಲ, ಕೇಂದ್ರ ಸಚಿವ: ಇಬ್ಬರದೂ ಒಂದೇ ದಾರಿ. ಪಕ್ಕದಲ್ಲಿ ಕೂರುವ ಮರಾಠಿ ಗೆಳೆಯನಿಗೆ ಹೀಗೆ ಹೇಳಿದ ಕೂಡಲೇ ಹೊಳೆಯಿತು.

ಸಚಿವರಾಗಿ ಮಾಡಿದ ಕೆಲಸದಲ್ಲಿ ಎರಡನ್ನು ಸುಮ್ನೆ ನೆನಪಿಟ್ಟರೆ ಸಾಕು. 2010ರ ಅಕ್ಟೋಬರ್‌ನಲ್ಲಿ ಭಾರತ 187 ಮತ ಪಡೆದು ಎರಡು ವರ್ಷಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಆಯ್ಕೆಯಾಯಿತು. 2012ರ ಸೆಪ್ಟೆಂಬರ್‌ನಲ್ಲಿ ಇಸ್ಲಾಮಾಬಾದಿನಲ್ಲಿ ಪಾಕಿಸ್ತಾನದ ಜೊತೆ ವೀಸಾ ಒಪ್ಪಂದ ಆಯಿತು.

ಉಳಿದ ಪ್ರಭಾವ ಯಾವುದು ಅಂದರೆ ನಾನು ಪಾಸ್‌ಪೋರ್ಟ್ ಅನ್ನುತ್ತೇನೆ. ಪಾಸ್‌ಪೋರ್ಟ್ ಕೊಡುವುದು ವಿದೇಶಾಂಗ ಸಚಿವಾಲಯ, ಗೃಹ ಸಚಿವಾಲಯ ಅಲ್ಲ. ಕೃಷ್ಣ ಇದ್ದಾಗಲೇ, 2010ರಲ್ಲಿ, ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಮೊದಲು ಬೆಂಗಳೂರಿನಲ್ಲಿ ಪ್ರಯೋಗವಾಗಿ ಶುರುವಾದವು. 2012ರ ಹೊತ್ತಿಗೆ ದೇಶದಲ್ಲಿ 77 ಆಗಿದ್ದವು. ಅವರು ಮುಖ್ಯಮಂತ್ರಿಯಾಗಿದ್ದಾಗ ಬಂದ ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋದದ್ದು ನೆನಪಾಗುತ್ತದೆ. ಪುಣೆಯವರು ಇವತ್ತು ಮುಂಢ್ವಾ ಕೇಂದ್ರದಲ್ಲಿ ಟೋಕನ್ ಹಿಡಿದು ಕೂರುವುದು ಆ ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯೊಳಗೇ.