ಬಿಸಿಲಿಗೆ ಹೆಸರು ಬಂದದ್ದು ಹೇಗೆ: ಬಾಂದೋಲ್‌ನ ಕೆಂಪು ದ್ರಾಕ್ಷಿಯ ಹಿನ್ನೆಲೆ

ಸೊಲ್ಲಾಪುರದ ದಾಳಿಂಬೆಗೆ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆ, ಅಂದರೆ ಊರಿನ ಹೆಸರಿನೊಂದಿಗೆ ಗುರುತಿಸಿಕೊಳ್ಳುವ ಹಕ್ಕು, ಇದೆ. ಹಿರಿಯೂರು, ಹೊಸದುರ್ಗದ ತೋಟಗಳಲ್ಲಿಯೂ ಅದೇ ಭಗವಾ ತಳಿಯಿದೆ, ಬಿಸಿಲಿಗೂ ಬರವಿಲ್ಲ. ಹಾಗಿದ್ದರೆ ಹಣ್ಣಿಗೆ ಊರಿನ ಹೆಸರು ತಂದುಕೊಡುವುದು ಯಾವುದು? ಮಣ್ಣೇ, ಹವೆಯೇ, ಸರ್ಕಾರವೇ? ಚಿತ್ರದುರ್ಗದ ಬೆಳೆಗಾರ ಈ ಪ್ರಶ್ನೆಯನ್ನು ಬಿಡಿಸಿಕೊಳ್ಳಲು ದಕ್ಷಿಣ ಫ್ರಾನ್ಸಿನ ಬಾಂದೋಲ್ ಕರಾವಳಿಯ ಕಥೆ ತಿಳಿದಿರುವುದು ಒಳ್ಳೆಯದು.

ಅಲ್ಲಿನ ಕೆಂಪು ವೈನಿಗೆ ಆಧಾರ ಮೂರ್ವೆದ್ರ್ ಎಂಬ ದ್ರಾಕ್ಷಿ. ಅದು ತಡವಾಗಿ ಚಿಗುರಿ, ತಡವಾಗಿಯೇ ಹಣ್ಣಾಗುವ ತಳಿ. ಸಿಪ್ಪೆ ದಪ್ಪ, ಒಗರು ಹೆಚ್ಚು. ತಂಪು ಸೀಮೆಯಲ್ಲಿ ಕಾಯಿ ಪಕ್ವವಾಗುವ ಮೊದಲೇ ಋತು ಮುಗಿದುಹೋಗುತ್ತದೆ. ಬಾಂದೋಲ್‌ನಲ್ಲಿ ಮೆಡಿಟರೇನಿಯನ್ ಸಮುದ್ರ ಶರತ್ಕಾಲದ ಚಳಿಯನ್ನು ಮುಂದೂಡುತ್ತದೆ. ಮಳೆ ಬಿದ್ದರೆ ಮಿಸ್ಟ್ರಾಲ್ ಎಂಬ ಒಣಗಾಳಿ ಗೊಂಚಲುಗಳನ್ನು ಆರಿಸಿ ಕೊಳೆರೋಗವನ್ನು ತಡೆಯುತ್ತದೆ. ಗುಡ್ಡದ ಇಳಿಜಾರನ್ನು ಕಲ್ಲಿನ ಒಡ್ಡುಗಳಿಂದ ಮೆಟ್ಟಿಲಾಗಿಸಿ ಸುಣ್ಣದ ಮಣ್ಣನ್ನು ಹಿಡಿದಿಟ್ಟಿದ್ದಾರೆ. ಎಲೆಗೆ ಬಿಸಿಲು, ಬೇರಿಗೆ ತೇವ: ಈ ಬಳ್ಳಿ ಬೇಡುವುದು ಇಷ್ಟೇ.

ಆದರೆ ಇದೇ ಕಡಲು, ಇದೇ ಗಾಳಿ ಇದ್ದೂ ಮೂರ್ವೆದ್ರ್ ಅಲ್ಲಿಂದ ಬಹುಮಟ್ಟಿಗೆ ಮರೆಯಾಗಿತ್ತು. ಗ್ರೀಕರ ಕಾಲದಿಂದ ಬಂದ ದ್ರಾಕ್ಷಿ ಕೃಷಿಯನ್ನು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಎಂಬ ಬೇರು ಹೀರುವ ಕೀಟ ನಾಶಮಾಡಿತು. ಮರಳಿ ನೆಡುವಾಗ ಆ ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಬೇರುಗಿಡಗಳಿಗೆ ಕಸಿ ಮಾಡಬೇಕಾಯಿತು. ಮೂರ್ವೆದ್ರ್ ಆ ಕಸಿಗೆ ಸುಲಭವಾಗಿ ಒಗ್ಗಲಿಲ್ಲ. ಹೆಚ್ಚು ಇಳುವರಿ ಕೊಡುವ ಸಾಧಾರಣ ತಳಿಗಳು ಅದರ ಜಾಗ ಹಿಡಿದವು. ಹೊಟ್ಟೆಪಾಡಿನ ಆ ಕಾಲದಲ್ಲಿ ಯಾರನ್ನು ದೂರುವುದು?

ಅದನ್ನು ಮತ್ತೆ ತಂದವರು ಬೆಳೆಗಾರರೇ. 1941ರಲ್ಲಿ ಬಾಂದೋಲ್‌ಗೆ ಮೂಲಸ್ಥಳ ಮಾನ್ಯತೆ ಸಿಕ್ಕಿತು, ಅಂದರೆ ಗೊತ್ತುಪಡಿಸಿದ ನಿಯಮ ಪಾಲಿಸಿದ ವೈನಿಗೆ ಮಾತ್ರ ಆ ಊರಿನ ಹೆಸರು. ದೊಮೈನ್ ತಾಂಪಿಯೇ ತೋಟದ ಲೂಸಿಯೆನ್ ಪೇರೋ ಮತ್ತು ನೆರೆಹೊರೆಯವರು ಮೂರ್ವೆದ್ರ್ ಬಳ್ಳಿಯನ್ನು ಮತ್ತೆ ನೆಟ್ಟರು, ನಿಯಮ ಬಿಗಿಗೊಳಿಸಲು ಹಟ ಹಿಡಿದರು. ಮೊದಲು ಕೆಂಪು ವೈನಿನಲ್ಲಿ ಈ ದ್ರಾಕ್ಷಿಯ ಅಲ್ಪ ಪಾಲು ಸಾಕಿತ್ತು. ಅದು ಹಂತಹಂತವಾಗಿ ಏರಿ, ಈಗ ಕನಿಷ್ಠ ಶೇ 50 ಕಡ್ಡಾಯ. ಇಳುವರಿಗೆ ಹೆಕ್ಟೇರಿಗೆ 40 ಹೆಕ್ಟೋಲೀಟರ್, ಅಂದರೆ 4,000 ಲೀಟರ್ ವೈನಿನ ಮಿತಿಯಿದೆ. ಕೊಯ್ಲು ಕೈಯಿಂದಲೇ ಆಗಬೇಕು. ಕೆಂಪು ವೈನ್ ಕನಿಷ್ಠ 18 ತಿಂಗಳು ಮರದ ಪೀಪಾಯಿಗಳಲ್ಲಿ ಹದಗೊಳ್ಳಬೇಕು. ಈ ದ್ರಾಕ್ಷಿಯ ಒರಟು ಒಗರು ಪಳಗುವುದೂ ಆ ಕಾಯುವಿಕೆಯಲ್ಲೇ.

ಹೆಚ್ಚು ಬೆಳೆಯಬಹುದಾದವರು ತಾವಾಗಿಯೇ ಕಡಿಮೆ ಬೆಳೆಯಲು ಒಪ್ಪಿದ್ದು ಈ ಕಥೆಯ ತಿರುಳು ಎಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಒಣಹವೆಯ ಲಾಭ ದೊಡ್ಡದು. ಹೂವಿಗೆ ಮುನ್ನ ನೀರು ನಿಲ್ಲಿಸಿ, ಎಲೆ ಉದುರಿಸಿ, ಚಾಟನಿ ಮಾಡಿ (ಕೊಂಬೆ ಸವರಿ) ದಾಳಿಂಬೆಯನ್ನು ಹದಕ್ಕೆ ತರುವ ಕೌಶಲ ನಮ್ಮ ರೈತರಿಗೆ ಕರಗತ. ಆದರೆ ಗಿಡಕ್ಕೆ ಎಷ್ಟು ಕಾಯಿ ಬಿಡಬೇಕು, ಯಾವ ಹಂತದ ಹಣ್ಣು ಪೇಟೆಗೆ ಹೋಗಬೇಕು ಎಂಬುದನ್ನು ಪ್ರತಿಯೊಬ್ಬರೂ ಒಂಟಿಯಾಗಿ, ಅಂದಿನ ದರ ನೋಡಿ ನಿರ್ಧರಿಸುತ್ತಾರೆ. ದುಂಡಾಣು ಅಂಗಮಾರಿ ರೋಗ ತೋಟದಿಂದ ತೋಟಕ್ಕೆ ಹರಡುವಾಗಲೂ ಹೋರಾಟ ಒಂಟಿಯದೇ. ಸಾಲ ತಲೆಯ ಮೇಲಿರುವಾಗ ಕಾಯುವ ಧೈರ್ಯ ಎಲ್ಲಿಂದ ಬರಬೇಕು?

ಬಾಂದೋಲ್‌ನಲ್ಲಿಯೂ ಈ ಒತ್ತಡ ತಪ್ಪಿಲ್ಲ. ಕೊಯ್ಲಾಗಿ ಕೆಲವೇ ತಿಂಗಳಲ್ಲಿ ಹಣ ತರುವ ತಿಳಿಗುಲಾಬಿ ಬಣ್ಣದ ರೋಸೆ ವೈನಿನ ಪಾಲೇ ಅಲ್ಲಿ ಈಗ ದೊಡ್ಡದು. ಒಂದೂವರೆ ವರ್ಷ ಪೀಪಾಯಿಯಲ್ಲಿ ಬಂಡವಾಳ ಕಟ್ಟಿಡುವ ಕೆಂಪು ವೈನಿಗೆ ಎಷ್ಟು ದ್ರಾಕ್ಷಿ ಮೀಸಲಿಡಬೇಕೆಂಬ ಲೆಕ್ಕಾಚಾರವನ್ನು ಅಲ್ಲಿನ ತೋಟಗಳು ಪ್ರತಿ ಸುಗ್ಗಿಯಲ್ಲೂ ಹೊಸದಾಗಿ ಮಾಡಬೇಕಾಗಿದೆ.