ಫ್ರಾಗೊನಾರ್‌ನ ಓದುವ ಹುಡುಗಿ: ಬಟ್ಟೆ ನೋಡಿ ಇಸವಿ ಹೇಳಬೇಡಿ

ಹಳೆಯ ಫ್ರೆಂಚ್ ಭಾವಚಿತ್ರಗಳ ಪಾಠದಲ್ಲಿ ಜಾಸ್ತಿ ತಲೆ ಕೆಡಿಸುವ ಚಿತ್ರ ಇದು. ಹೆಸರು ‘ಓದುತ್ತಿರುವ ಹುಡುಗಿ’. ಬರೆದವನು ಝಾನ್-ಒನೊರೆ ಫ್ರಾಗೊನಾರ್, ಸುಮಾರು 1769ರಲ್ಲಿ. ಈಗ ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ಕಲಾವಿದನ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು: 1732ರಲ್ಲಿ ಗ್ರಾಸ್ ಎಂಬ ಊರಿನಲ್ಲಿ ಹುಟ್ಟಿದ, ಚಿತ್ರಕಾರ ಬೂಶೆಯ ಹತ್ತಿರ ಕಲಿತ, 1806ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ.

ಚಿತ್ರವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿ. ಹುಡುಗಿಯ ಮುಖ ನಮಗೆ ಪಕ್ಕದಿಂದ ಕಾಣುತ್ತದೆ. ಬೆನ್ನಿಗೆ ದೊಡ್ಡ ದಿಂಬು, ಕೈಯಲ್ಲಿ ಪುಟ್ಟ ಪುಸ್ತಕ. ನಿಂಬೆ ಹಳದಿ ಬಣ್ಣದ ಉಡುಪು, ಕೂದಲಿಗೆ ನೇರಳೆ ಛಾಯೆಯ ರಿಬ್ಬನ್. ಕುತ್ತಿಗೆಯ ಸುತ್ತ ಬಿಳಿ ನೆರಿಗೆಯ ಕಾಲರ್.

ಗೊಂದಲ ಶುರುವಾಗುವುದೇ ಈ ಕಾಲರ್‌ನಿಂದ. ನೆರಿಗೆ ಕಾಲರ್ 1500ರ ದಶಕಗಳ ಕೊನೆಯಿಂದ 1600ರ ದಶಕಗಳ ಶುರುವಿನವರೆಗಿನ ಫ್ಯಾಷನ್. ಸ್ಪೇನ್‌ನಲ್ಲಂತೂ ನಾಲ್ಕನೇ ಫಿಲಿಪ್ ರಾಜ 1623ರಲ್ಲಿ ಇದನ್ನು ನಿಷೇಧಿಸಿಯೇ ಬಿಟ್ಟ. ಹಾಗಾದರೆ 1769ರ ಹುಡುಗಿಯ ಕೊರಳಿಗೆ ಇದು ಬಂದದ್ದು ಹೇಗೆ?

ವೇಷ. ಅಷ್ಟೇ. ಆಗಿನ ಪ್ಯಾರಿಸ್‌ನಲ್ಲಿ ‘ಸ್ಪ್ಯಾನಿಷ್ ಉಡುಪು’ ಅಂತ ಒಂದು ಹುಚ್ಚು ಇತ್ತು. ನಾಟಕದಲ್ಲಿ, ಮುಖವಾಡದ ನೃತ್ಯಕೂಟಗಳಲ್ಲಿ ಅದನ್ನು ಹಾಕುತ್ತಿದ್ದರು, ಚಿತ್ರಕ್ಕೂ ಹಾಕಿಕೊಂಡು ಕೂರುತ್ತಿದ್ದರು. ಕಾರ್ಲ್ ವಾನ್ ಲೂ ಎಂಬ ಚಿತ್ರಕಾರ 1754ರಲ್ಲೇ ‘ಸ್ಪ್ಯಾನಿಷ್ ಸಂಭಾಷಣೆ’ ಬರೆದಿದ್ದ. ಹೆಸರು ಸ್ಪ್ಯಾನಿಷ್ ಅಂತಿದ್ದರೂ ಅದರಲ್ಲಿ 1600ರ ದಶಕಗಳ ಚಿತ್ರಕಾರರಾದ ರೂಬೆನ್ಸ್, ವಾನ್ ಡೈಕ್ ಅವರ ಚಿತ್ರಗಳ ಉಡುಪೂ ಸೇರಿಕೊಂಡಿತ್ತು. ವಾರ್ಷಿಕೋತ್ಸವದಲ್ಲಿ ಅರ್ಜುನನ ವೇಷ ಹಾಕಿದ ಹುಡುಗನ ಫೋಟೋ ನೋಡಿ ಅದು ದ್ವಾಪರಯುಗದ್ದು ಅನ್ನೋದಿಲ್ಲ ಅಲ್ವಾ?

ಇದಕ್ಕೆ ನನ್ನ ಸುಲಭೋಪಾಯ: ಮೊದಲು ತಲೆ, ಆಮೇಲೆ ಬಟ್ಟೆ. ವೇಷ ಹಾಕುವವರು ಬಟ್ಟೆಯನ್ನು ಪೂರ್ತಿ ಬದಲಿಸುತ್ತಾರೆ. ಕೂದಲು ಬಾಚುವುದು, ಕೆನ್ನೆಗೆ ಬಣ್ಣ ಹಚ್ಚುವುದು ಮಾತ್ರ ಬಹುಪಾಲು ತಮ್ಮ ಕಾಲದ ರೂಢಿಯಂತೆಯೇ ಉಳಿಯುತ್ತದೆ. ಈ ಹುಡುಗಿಯ ಕೂದಲು ಹಣೆಯಿಂದ ಮೇಲಕ್ಕೆ ಬಾಚಿ ಕಟ್ಟಿದ್ದು. ಅದು 1760ರ ದಶಕದ ಪ್ಯಾರಿಸ್. ಇನ್ನೂ ಚೆನ್ನಾಗಿ ಗೊತ್ತಾಗಬೇಕಾದರೆ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಫ್ರಾಗೊನಾರ್‌ನ ‘ನಾಯಿಮರಿಯ ಜೊತೆ ಹೆಂಗಸು’ ನೋಡಿ. ಆಕೆಯ ದೊಡ್ಡ ಕಾಲರ್, ಉಡುಪು ಎಲ್ಲ ರೂಬೆನ್ಸ್ 1620ರ ದಶಕದಲ್ಲಿ ಬರೆದ ರಾಣಿ ಮರಿ ದ ಮೆಡಿಚಿಯ ಮಾದರಿ. ಕುತ್ತಿಗೆಯಿಂದ ಕೆಳಗೆ ಒಂದು ಶತಮಾನ, ಮೇಲೆ ಇನ್ನೊಂದು! ಪರೀಕ್ಷೆಗೆ ಇದೊಂದೇ ಉದಾಹರಣೆ ನೆನಪಿದ್ದರೂ ಸಾಕು.

ಹುಡುಗಿಯ ಕಾಲರ್‌ನ್ನು ದೊಡ್ಡದು ಮಾಡಿ ನೋಡಿ. ನೆರಿಗೆಗಳನ್ನು ಬಣ್ಣದಿಂದ ಬರೆದಿಲ್ಲ, ಗೀರಿದ್ದಾನೆ. ದಪ್ಪಗೆ ಬಿಳಿ ಬಣ್ಣ ಬಳಿದು, ಅದು ಹಸಿಯಾಗಿರುವಾಗಲೇ ಬ್ರಶ್ಶಿನ ಹಿಂದಿನ ಮರದ ತುದಿಯಿಂದ ಗೆರೆ ಎಳೆದಿದ್ದಾನೆ. ಎಣ್ಣೆಬಣ್ಣ ನಿಧಾನಕ್ಕೆ ಒಣಗುವುದರಿಂದ ಇದು ಸಾಧ್ಯ. ಫ್ರಾಗೊನಾರ್ ಎಷ್ಟು ಚುರುಕಾಗಿ ಕೆಲಸ ಮುಗಿಸುತ್ತಿದ್ದ ಅನ್ನುವುದಕ್ಕೆ ಇನ್ನೊಂದು ಸುಳಿವು ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಅಲ್ಲಿನ ಅಬೆ (ಪಾದ್ರಿ) ದ ಸೇಂಟ್-ನಾನ್ ಭಾವಚಿತ್ರದ ಹಿಂಭಾಗದ ಹಳೆಯ ಚೀಟಿಯಲ್ಲಿ, 1769ರಲ್ಲಿ ಒಂದೇ ಗಂಟೆಯಲ್ಲಿ ಬರೆದದ್ದು ಅಂತಿದೆ.

ಈಗ ಕಷ್ಟದ ಭಾಗ. ನಿಧಾನಕ್ಕೆ ಓದಿ.

ಫ್ರಾಗೊನಾರ್ ಆ ಸುಮಾರಿಗೆ ಹೀಗೆ ವೇಷ ಹಾಕಿದವರ ಚಿತ್ರಗಳ ಒಂದು ಸರಣಿಯನ್ನೇ ಬರೆದ. ‘ಕಲ್ಪನೆಯ ವ್ಯಕ್ತಿಗಳು’ ಅಂತ ಅದನ್ನು ಕರೆಯುತ್ತಾರೆ. ಹೆಚ್ಚುಕಡಿಮೆ ಎಲ್ಲದರ ಅಳತೆ ಒಂದೇ, ಸುಮಾರು 81 × 65 ಸೆಂಟಿಮೀಟರ್. ಓದುವ ಹುಡುಗಿಯದ್ದೂ ಅದೇ ಅಳತೆ, ಅದೇ ಬಗೆಯ ಉಡುಪು. ಆದರೆ ಉಳಿದವರ ಹಾಗೆ ಇವಳು ತನ್ನನ್ನು ನಮಗೆ ತೋರಿಸಿಕೊಳ್ಳುವುದಿಲ್ಲ, ತನ್ನ ಪಾಡಿಗೆ ಓದುತ್ತಾಳೆ. ಹಾಗಾಗಿ ಇವಳು ಸರಣಿಗೆ ಸೇರಿದವಳೋ ಅಲ್ಲವೋ ಅನ್ನುವ ಅನುಮಾನ ಇತ್ತು.

2012ರಲ್ಲಿ ಪ್ಯಾರಿಸ್‌ನ ಹರಾಜೊಂದರಲ್ಲಿ ಒಂದು ಹಾಳೆ ಸಿಕ್ಕಿತು. ಅದರಲ್ಲಿ ಫ್ರಾಗೊನಾರ್ ಬರೆದ 18 ಪುಟ್ಟ ರೇಖಾಚಿತ್ರಗಳು, ಹೆಚ್ಚಿನವು ಈ ಸರಣಿಯ ಚಿತ್ರಗಳವೇ. ಬಹುತೇಕ ಎಲ್ಲದರ ಕೆಳಗೂ ಚಿತ್ರದಲ್ಲಿರುವವರ ಹೆಸರು ಗೀಚಿದೆ. ಅವುಗಳಲ್ಲಿ ಒಂದರ ಭಂಗಿ ನಮ್ಮ ಹುಡುಗಿಯದೇ. ಆದರೆ ತಲೆ ಬೇರೆ! ಅದು ನೋಡುಗರ ಕಡೆ ತಿರುಗಿದೆ.

ತಲೆಯೇ ಬೇರೆ ಅಂದಮೇಲೆ ಅದೇ ಚಿತ್ರ ಅಂತ ಹೇಗೆ ಹೇಳುತ್ತಾರೆ? ಇಲ್ಲಿ ಎಕ್ಸ್-ರೇ ಬರುತ್ತದೆ. ಆಗಿನ ಬಿಳಿ ಬಣ್ಣದಲ್ಲಿ ಸೀಸ ಇರುತ್ತಿತ್ತು. ಸೀಸ ಎಕ್ಸ್-ರೇಯನ್ನು ತಡೆಯುತ್ತದೆ. ಮುಖದ ಮೈಬಣ್ಣಕ್ಕೆ ಬಿಳಿ ಜಾಸ್ತಿ ಬೇಕಲ್ಲ, ಹಾಗಾಗಿ ಮೇಲೆ ಬೇರೆ ಬಣ್ಣ ಬಳಿದರೂ ಅಡಿಯ ಮುಖ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಈ ಹುಡುಗಿಯ ತಲೆಯ ಅಡಿಯಲ್ಲಿ ನಮ್ಮ ಕಡೆ ನೋಡುವ ಇನ್ನೊಂದು ತಲೆ ಇದೆ ಅನ್ನುವುದು ಹಾಳೆ ಸಿಗುವ ಮೊದಲೇ ಗೊತ್ತಿತ್ತು. ಅದು ಗಂಡಸಿನದು ಅಂತಲೂ ಅಂದುಕೊಂಡಿದ್ದರು. ಹಾಳೆ ಸಿಕ್ಕ ಮೇಲೆ ಹೊಸ ಉಪಕರಣಗಳಿಂದ ಮತ್ತೆ ನೋಡಿದಾಗ, ಅದು ಗರಿಗಳ ಶಿರೋಭೂಷಣ ತೊಟ್ಟ ಹೆಂಗಸಿನದು ಅಂತ ತಿಳಿಯಿತು.

ಅಂದರೆ ಹಾಳೆಯ ರೇಖಾಚಿತ್ರ ಹೋಲುವುದು ಇವತ್ತು ಗೋಡೆಯ ಮೇಲೆ ಕಾಣುವ ಚಿತ್ರವನ್ನಲ್ಲ, ಅದರ ಅಡಿಯಲ್ಲಿರುವ ಚಿತ್ರವನ್ನು. ಹಾಳೆಯಲ್ಲಿರುವುದು ಮೊದಲ ರೂಪ, ಗೋಡೆಯ ಮೇಲಿರುವುದು ಎರಡನೆಯದು. ಈ ಕ್ರಮವನ್ನು ತಿರುಗುಮುರುಗು ಮಾಡಿಕೊಂಡರೆ ಮುಂದಿನದು ಒಂದೂ ಅರ್ಥವಾಗುವುದಿಲ್ಲ. ಸುಮ್ನೆ ಒಂದು ಸಲ ಕೈಯಲ್ಲಿ ಬರೆದುಕೊಳ್ಳಿ: ಗರಿಯ ಹೆಂಗಸು, ಆಮೇಲೆ ಓದುವ ಹುಡುಗಿ.

ಅದೇ ಹಾಳೆಯಿಂದ ಬೇರೆ ಹೆಸರುಗಳೂ ಅಲುಗಾಡಿದವು. ಲೂವ್ರ್‌ನಲ್ಲಿರುವ ಒಂದು ಚಿತ್ರವನ್ನು ನರ್ತಕಿ ಗಿಮಾರ್‌ಳದ್ದು ಅಂತ ನಂಬಿದ್ದರು, ಈಗ ಹಾಗೆ ಹೇಳುವುದಿಲ್ಲ. ‘ಡಿಡೆರೋ’ ಅಂತ ಪುಸ್ತಕಗಳಲ್ಲಿ ಅಚ್ಚಾಗುತ್ತಿದ್ದ ಚಿತ್ರ ಆ ಕಾಲದ ಫ್ರೆಂಚ್ ಲೇಖಕ ಡಿಡೆರೋನದ್ದಲ್ಲ. ಅವನ ಕಣ್ಣು ಕಂದು, ಚಿತ್ರದಲ್ಲಿರುವುದು ನೀಲಿ. ಹಳೆಯ ಪುಸ್ತಕದಿಂದ ಓದುತ್ತಿದ್ದರೆ ಚಿತ್ರದ ಕೆಳಗಿನ ಹೆಸರನ್ನು ಹಾಗೇ ಉತ್ತರಕ್ಕೆ ಇಳಿಸಬೇಡಿ.

‘ಇದು ಭಾವಚಿತ್ರವೇ?’ ಅಂತ ಪ್ರಶ್ನೆ ಬಂದರೆ ಎರಡು ರೂಪಗಳನ್ನೂ ಬರೆಯಿರಿ. ಅಡಿಯಲ್ಲಿರುವುದು ಸರಣಿಯ ಉಳಿದವರಂತೆ ವೇಷ ಹಾಕಿ, ನಮ್ಮ ಕಡೆ ನೋಡುವ ಹೆಂಗಸು, ಅದನ್ನು ಭಾವಚಿತ್ರ ಅನ್ನಬಹುದು. ಮೇಲಿನದು ಯಾರದೋ ಗುರುತು ಹೇಳುವ ಚಿತ್ರಕ್ಕಿಂತ ಓದುವುದರ ಚಿತ್ರ ಅಂತ ನನಗನ್ನಿಸುತ್ತದೆ. ವೇಷ ಮಾತ್ರ ಎರಡರಲ್ಲೂ ಇದೆ.