ಗಂಟು ಬಿಡಿಸೋದು ಸೂಜಿ, ಮದ್ದಲ್ಲ

ಫೆಬ್ರವರಿ, ಮಾರ್ಚ್ ಬಂತೆಂದರೆ ನನ್ನ ಕ್ಲಿನಿಕ್ಕಿನ ಬೆಂಚಿನಲ್ಲಿ ಕುತ್ತಿಗೆ ವಾಲಿಸಿಕೊಂಡು ಕೂತವರೇ ಜಾಸ್ತಿ. ಕೊಡಗಿನಲ್ಲಿ ಆಗ ರೋಬಸ್ಟಾ ಕಾಫಿ ಕೊಯ್ಲು, ಅದರ ಬೆನ್ನಿಗೇ ಮೆಣಸು. ಇಡೀ ದಿನ ಏಣಿ ಮೇಲೆ ತಲೆ ಎತ್ತಿ, ಕೈ ಎತ್ತಿ ಕೆಲಸ. ಬಂದವರ ಮೊದಲ ಮಾತು, "ನರ ಹಿಡ್ಕೊಂಡಿದೆ ಡಾಕ್ಟ್ರೇ."

ಹೆಚ್ಚಿನ ಸಲ ಅದು ನರವಲ್ಲ, ಸ್ನಾಯು. ಅದರ ಒಂದು ಎಳೆ ಬಿಗಿದುಕೊಂಡು ಹಾಗೇ ಉಳಿದುಬಿಡುತ್ತದೆ. ಬೆರಳಾಡಿಸಿದರೆ ಹುರಿ ಹಗ್ಗದ ಹಾಗೆ ಸಿಗುತ್ತದೆ, ಹಗ್ಗದ ಮೇಲೊಂದು ಪುಟ್ಟ ಗಂಟು. ಎಕ್ಸ್‌ರೇಯಲ್ಲಿ ಕಾಣೋದಿಲ್ಲ. ಒತ್ತಿದರೆ ನೋವು ಅಲ್ಲೇ ನಿಲ್ಲದೆ ಬೇರೆಲ್ಲಿಗೋ ಹೊರಡುತ್ತದೆ.

ಮೆಣಸು ಕೊಯ್ಯುವ ಒಬ್ಬ ಅಕ್ಕ ಎರಡು ತಿಂಗಳಿಂದ ಅರೆತಲೆನೋವಿನ ಮಾತ್ರೆ ನುಂಗುತ್ತಿದ್ದರು. ಎಡಹೆಗಲ ಗಂಟನ್ನು ಒತ್ತಿ ಹಿಡಿದೆ. "ಅಯ್ಯೋ, ಇದೇ ಆ ತಲೆನೋವು!" ಅಂತ ಕಣತಲೆ ಮುಟ್ಟಿಕೊಂಡರು. ಕುತ್ತಿಗೆಯಿಂದ ಹೆಗಲಿಗಿಳಿಯುವ ಟ್ರಪೀಜಿಯಸ್ ಸ್ನಾಯುವಿನ ಚಾಳಿಯೇ ಅದು. ಯಾವ ಗಂಟಿನ ನೋವು ಎಲ್ಲಿಗೆ ಹೋಗುತ್ತದೆ ಅಂತ ನಕ್ಷೆ ಮಾಡಿಟ್ಟವರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. 1961ರಲ್ಲಿ ಅಧ್ಯಕ್ಷ ಕೆನಡಿಯವರ ವೈದ್ಯೆಯಾದವರು ಇವರೇ. ಗಂಟು ಬಿಡಿಸಲು ನಾನು ನೇರ ಅದಕ್ಕೇ ಸೂಜಿ ಹಾಕುತ್ತೇನೆ. ಕೆನಡಿಯವರ ಬೆನ್ನಿಗೂ ಅವರು ಇಂಥದ್ದೇ ಸೂಜಿ ಹಾಕುತ್ತಿದ್ದರು.

ಹಾಕೋದು ಹೀಗೆ. ಹೆಗಲ ಸ್ನಾಯುವನ್ನು ಹೆಬ್ಬೆರಳು, ತೋರುಬೆರಳ ನಡುವೆ ಚಿವುಟಿ ಮೇಲೆತ್ತುತ್ತೇನೆ. ಎತ್ತಲೇಬೇಕು, ಕೆಳಗೆ ಶ್ವಾಸಕೋಶದ ತುದಿ ಇದೆ. ಸೂಜಿ ತೆಳ್ಳಗಿನದು, 25 ಅಥವಾ 27 ಗೇಜ್. ಒಳಗೆ ಮರಗಟ್ಟಿಸುವ ಲಿಗ್ನೋಕೇನ್, ಒಂದು ಗಂಟಿಗೆ ಹೆಚ್ಚೆಂದರೆ 1 ಎಂಎಲ್. ಮೊನೆ ಗಂಟಿಗೆ ತಾಗಿದ ಕೂಡಲೇ ಸ್ನಾಯು ಪಟಕ್ಕನೆ ಹಾರುತ್ತದೆ, ಗಾಳಕ್ಕೆ ಮೀನು ಜಗ್ಗಿದ ಹಾಗೆ. ರೋಗಿ ಬೆಚ್ಚುತ್ತಾರೆ. ನನಗೆ ಮಾತ್ರ ಖುಷಿ, ಸರಿಯಾದ ಜಾಗ ಸಿಕ್ಕಿತಲ್ಲ!

"ಸ್ವಲ್ಪ ಜೋರಿನ ಮದ್ದೇ ಹಾಕಿ" ಅನ್ನುವವರಿದ್ದಾರೆ. ಆದರೆ ಇಲ್ಲಿ ಮುಖ್ಯ ಕೆಲಸ ಸೂಜಿಯದ್ದೇ. ಮದ್ದಿಲ್ಲದ ಬರೀ ಸೂಜಿಗೂ ನೋವು ಇಳಿಯುತ್ತದೆ ಅಂತ 1979ರಲ್ಲೇ ಜೆಕ್ ವೈದ್ಯ ಕರೇಲ್ ಲೆವಿಟ್ ಬರೆದಿದ್ದರು. ಲಿಗ್ನೋಕೇನ್ ಹಾಕೋದು ಚುಚ್ಚಿದ ನೋವು ಕಡಿಮೆಯಾಗಲಿ ಅಂತ. ಸ್ಟಿರಾಯ್ಡ್ ಅಂತೂ ಇಂಥ ಗಂಟಿಗೆ ನಾನು ಸೇರಿಸೋದಿಲ್ಲ, ಕೇಳಿದರೂ ಇಲ್ಲ.

ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಬಸುರಿಯರು ಮೊದಲೇ ಹೇಳಿಬಿಡಿ. ಜ್ವರವಿದ್ದರೆ, ಚುಚ್ಚುವ ಕಡೆ ಕೀವಿದ್ದರೆ ಆ ದಿನ ಬೇಡ. ಸೂಜಿ ಕಂಡರೆ ತಲೆಸುತ್ತುವವರನ್ನು ಮಲಗಿಸಿಯೇ ಹಾಕುತ್ತೇನೆ. ಮನೆಗೆ ಹೋದ ಮೇಲೆ ಉಸಿರು ಕಟ್ಟಿದ ಹಾಗಾದರೆ, ಎದೆ ಚುಚ್ಚಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಅಪರೂಪ, ಆದರೆ ಶ್ವಾಸಕೋಶಕ್ಕೆ ಸೂಜಿ ತಾಗಿರಬಹುದು. ಇನ್ನು ಕೈ ಜೋಮು ಹಿಡಿದು ಹಿಡಿತ ತಪ್ಪುತ್ತಿದ್ದರೆ ಅದು ನಿಜಕ್ಕೂ ನರದ್ದೇ ಇರಬಹುದು. ಎದೆನೋವು, ಬೆವರು, ಎಡಗೈ ಸೆಳೆತ ಒಟ್ಟಿಗೆ ಬಂದರೆ ಗಂಟು ಹುಡುಕಿಸಿಕೊಂಡು ಕೂರಬೇಡಿ, ಇಸಿಜಿ ಮಾಡಿಸಿ.

ಸೂಜಿಯಾದ ಮೇಲೆ ಎರಡು ಮೂರು ದಿನ ಆ ಜಾಗ ನೋಯುತ್ತದೆ. ಬಿಸಿ ಶಾಖ ಕೊಡಿ, ಕಿವಿಯನ್ನು ಆ ಕಡೆಯ ಹೆಗಲಿನಿಂದ ದೂರಕ್ಕೆ ವಾಲಿಸಿ ಸ್ನಾಯು ಎಳೆಯಿರಿ. ಇದನ್ನು ಬಿಟ್ಟವರು ಅದೇ ಗಂಟು ಹೊತ್ತು ವಾಪಸ್ ಬರುತ್ತಾರೆ.

ಆ ಅಕ್ಕನಿಗೆ, "ಮೂರು ದಿನ ಏಣಿ ಹತ್ತಬೇಡಿ" ಅಂದೆ. "ಸಂಬಳ ನೀವು ಕೊಡ್ತೀರಾ?" ಅಂದರು. ಉತ್ತರ ಇರಲಿಲ್ಲ. ಕೊನೆಗೆ ರಾಜಿಯಾಯಿತು. ಮೂರು ದಿನ ಕಣದಲ್ಲಿ ಮೆಣಸು ಹರಡುವ ಕೆಲಸ ಕೇಳೋದು, ಆಮೇಲೆ ಕೊಯ್ಯುವಾಗ ಚೀಲವನ್ನು ಹೆಗಲಿಗೆ ಹಾಕದೆ ಸೊಂಟಕ್ಕೆ ಕಟ್ಟೋದು.

ಎರಡು ವಾರ ಬಿಟ್ಟು ಬಂದರು. ತಲೆನೋವು ಹೋಗಿತ್ತು. "ಈಗ ಬಲಗಡೆ ಶುರುವಾಗಿದೆ ಡಾಕ್ಟ್ರೇ."

"ಚೀಲ ಸೊಂಟಕ್ಕೆ ಕಟ್ಟಿದ್ರಾ?"

"ಇಲ್ಲ, ಈ ಹೆಗಲಿಗೆ ಬದಲಾಯಿಸಿದೆ."